ಹಂದಿಯಲ್ಲದ ಹಂದಿ, ಕಾಣದಾದ ಹದ್ದು

ಎರಡು ಒಗಟು ಹೇಳ್ತೀವಿ. ಬಿಡಿಸಿ ನೋಡಿ.

ಮೈತುಂಬ ಚಿಪ್ಪು, ಮೀನಲ್ಲ.
ಮರಿಗೆ ಹಾಲು ಕೊಡುತ್ತೆ, ಹಸುವಲ್ಲ.
ಹೆಸರಲ್ಲಿ ಹಂದಿ ಇದೆ, ಹಂದಿಯಲ್ಲ.
ಏನದು?

ಬೋಳು ತಲೆ, ಸನ್ಯಾಸಿಯಲ್ಲ.
ಊರು ಚೊಕ್ಕ ಮಾಡುತ್ತೆ, ಕೂಲಿ ಕೇಳಲ್ಲ.
ಮೊದಲು ಆಕಾಶದ ತುಂಬ ಇತ್ತು, ಈಗ ಇಲ್ಲ.
ಇದು ಯಾವುದು?

ಮೊದಲನೆಯದು ಚಿಪ್ಪುಹಂದಿ. ಎರಡನೆಯದು ರಣಹದ್ದು. ಒಂದು ನೆಲದೊಳಗೆ ಬಿಲ ತೋಡಿ ಮಲಗುತ್ತೆ. ಇನ್ನೊಂದು ಬೆಟ್ಟದ ಬಂಡೆಯ ಮೇಲೆ ಗೂಡು ಕಟ್ಟುತ್ತೆ. ಇವೆರಡಕ್ಕೂ ಒಂದಕ್ಕೊಂದು ನೆಂಟಸ್ತಿಕೆ ಇಲ್ಲ. ಆದರೂ ಎರಡನ್ನೂ ಒಂದೇ ಪಾಠದಲ್ಲಿ ಇಟ್ಟಿದ್ದೇವೆ. ಯಾಕೆ ಅನ್ನೋದು ಓದ್ತಾ ಹೋದಂತೆ ತಿಳಿಯುತ್ತೆ.

ಪ್ರಾಣಿಗೂ ಒಂದು ವಿಳಾಸ

ಅಕ್ಕಂದಿರೇ, ನೀವು ಈಗ ಕಾಗದ ಬರೆಯೋದು ಕಲಿತಿದ್ದೀರಿ. ಕಾಗದದ ಮೇಲೆ ವಿಳಾಸ ಬರೀತೀರಿ. ಹೆಸರು, ಮನೆತನ, ಊರು, ತಾಲ್ಲೂಕು, ಜಿಲ್ಲೆ, ರಾಜ್ಯ. ವಿಳಾಸ ಸರಿಯಾಗಿದ್ದರೆ ಕಾಗದ ಸೇರಬೇಕಾದವರಿಗೆ ಸೇರುತ್ತೆ.

ವಿಜ್ಞಾನಿಗಳು ಪ್ರಾಣಿಗಳಿಗೂ ಹೀಗೇ ವಿಳಾಸ ಬರೆದಿದ್ದಾರೆ. ಇದಕ್ಕೆ ವರ್ಗೀಕರಣ ಅಂತ ಹೆಸರು. ಸ್ವೀಡನ್ ದೇಶದ ಲಿನೇಯಸ್ ಎಂಬ ವಿಜ್ಞಾನಿ ಇದಕ್ಕೆ ಒಂದು ಕ್ರಮ ಹಾಕಿಕೊಟ್ಟರು. 1758ರಲ್ಲಿ ಅವರು ಬರೆದ ಕ್ರಮವನ್ನೇ ಇವತ್ತಿಗೂ ತಿದ್ದಿ ತೀಡಿ ಬಳಸ್ತಾರೆ.

ಈ ವಿಳಾಸದಲ್ಲಿ ರಾಜ್ಯ ಅಂದರೆ ಪ್ರಾಣಿಗಳ ರಾಜ್ಯ. ಚಿಪ್ಪುಹಂದಿಯೂ ಅದರಲ್ಲಿದೆ, ರಣಹದ್ದೂ ಇದೆ. ಜಿಲ್ಲೆ ಅಂದರೆ ಬೆನ್ನುಮೂಳೆ ಇರುವ ಪ್ರಾಣಿಗಳದ್ದು. ಎರೆಹುಳು, ಜೇಡ, ಜಿರಳೆಗೆ ಬೆನ್ನುಮೂಳೆ ಇಲ್ಲ. ಅವು ಬೇರೆ ಜಿಲ್ಲೆ. ನಮ್ಮ ಎರಡು ಪ್ರಾಣಿಗಳಿಗೂ ಬೆನ್ನುಮೂಳೆ ಇದೆ. ಹಾಗಾಗಿ ಜಿಲ್ಲೆಯೂ ಒಂದೇ.

ತಾಲ್ಲೂಕಿಗೆ ಬಂದಾಗ ಎರಡೂ ಬೇರೆಯಾಗ್ತವೆ.

ರಣಹದ್ದಿಗೆ ಗರಿ ಇದೆ, ಕೊಕ್ಕು ಇದೆ, ಮೊಟ್ಟೆ ಇಡುತ್ತೆ. ಅದು ಪಕ್ಷಿಗಳ ತಾಲ್ಲೂಕು. ಇದರಲ್ಲಿ ಯಾರಿಗೂ ಅನುಮಾನ ಬರೋದಿಲ್ಲ. ಅನುಮಾನ ಬರೋದು ಚಿಪ್ಪುಹಂದಿಯ ವಿಷಯದಲ್ಲಿ.

ನಮ್ಮ ಕಲಿಕಾ ಕೇಂದ್ರದಲ್ಲಿ ಚಿಪ್ಪುಹಂದಿಯ ಚಿತ್ರ ತೋರಿಸಿದಾಗ ಒಬ್ಬ ಅಕ್ಕ ಕೇಳಿದರು: "ಟೀಚರ್, ಮೈಮೇಲೆ ಇಷ್ಟೊಂದು ಚಿಪ್ಪು ಇದೆ. ಇದು ಹಾವು, ಹಲ್ಲಿ, ಮೊಸಳೆ ಜೊತೇದೇ ಅಲ್ವಾ?"

ಒಳ್ಳೆ ಪ್ರಶ್ನೆ. ನೋಡಿದರೆ ಹಾಗೇ ಕಾಣುತ್ತೆ. ಆದರೆ ಮೈಮೇಲಿನ ಅಂಗಿ ನೋಡಿ ಮನೆತನ ಹೇಳೋಕಾಗಲ್ಲ. ಚಿಪ್ಪುಹಂದಿ ಮರಿ ಹಾಕುತ್ತೆ. ಮರಿಗೆ ಹಾಲು ಕುಡಿಸುತ್ತೆ. ತಾಯಿಯ ಎದೆಯ ಮೇಲೆ ಎರಡು ಮೊಲೆ ಇವೆ, ನಮಗಿರುವ ಹಾಗೇ. ಚಿಪ್ಪುಗಳ ಸಂದಿಯಲ್ಲಿ, ಹೊಟ್ಟೆಯ ಮೇಲೆ ಕೂದಲೂ ಇದೆ. ಮರಿಗೆ ಹಾಲೂಡಿಸುವ, ಮೈಮೇಲೆ ಕೂದಲಿರುವ ಪ್ರಾಣಿಗಳಿಗೆ ಸಸ್ತನಿಗಳು ಅಂತ ಹೆಸರು. ಹಸು, ಆಡು, ನಾಯಿ, ಆನೆ, ಹಾರಾಡುವ ಬಾವಲಿ, ಎಲ್ಲವೂ ಸಸ್ತನಿಗಳೇ. ನಾವೂ ಅಷ್ಟೆ. ಅಂದರೆ ಚಿಪ್ಪುಹಂದಿ ನಮ್ಮ ತಾಲ್ಲೂಕಿಗೇ ಸೇರಿದ್ದು!

ಹಾಗಾದರೆ ಅದು ಹಂದಿಯೋ? ಅಲ್ಲ. ಗೊರಸಿಲ್ಲ, ಹಂದಿಯ ಹಲ್ಲಿಲ್ಲ. ಹಲ್ಲೇ ಇಲ್ಲ. ಇರುವೆ ಗೆದ್ದಲು ತಿನ್ನುವ, ಹಲ್ಲಿಲ್ಲದ ಪ್ರಾಣಿಗಳು ಅಮೆರಿಕ ಖಂಡದಲ್ಲೂ ಇವೆ. ಹಿಂದಿನ ವಿಜ್ಞಾನಿಗಳು ಚಿಪ್ಪುಹಂದಿಯನ್ನು ಅವುಗಳ ಗುಂಪಿಗೆ ಸೇರಿಸಿದ್ದರು. ಆಮೇಲೆ ರಕ್ತಸಂಬಂಧ ಪರೀಕ್ಷೆ ಮಾಡಿ ನೋಡಿದಾಗ ಬೇರೆಯೇ ಕತೆ. ಚಿಪ್ಪುಹಂದಿಗೆ ಹತ್ತಿರದ ನೆಂಟರು ಬೆಕ್ಕು, ನಾಯಿ, ಹುಲಿ, ಕರಡಿಗಳ ಗುಂಪು. ಒಂದೇ ಕಸುಬು ಮಾಡಿದ ಮಾತ್ರಕ್ಕೆ ಅಣ್ಣತಮ್ಮಂದಿರು ಆಗೋದಿಲ್ಲ, ನೋಡಿ. ಈಗ ಚಿಪ್ಪುಹಂದಿಗಳಿಗೆ ಅವುಗಳದ್ದೇ ಒಂದು ಊರು ಮಾಡಿಕೊಟ್ಟಿದ್ದಾರೆ. ಆ ಊರಲ್ಲಿ ಬೇರೆ ಯಾರೂ ಇಲ್ಲ. ಜಗತ್ತಿನಲ್ಲಿ ಎಂಟು ಬಗೆಯ ಚಿಪ್ಪುಹಂದಿಗಳನ್ನು ಗುರುತಿಸಿದ್ದಾರೆ. ನಾಲ್ಕು ಏಷ್ಯಾದಲ್ಲಿ, ನಾಲ್ಕು ಆಫ್ರಿಕಾದಲ್ಲಿ. ನಮ್ಮ ಕರ್ನಾಟಕದಲ್ಲಿ ಇರೋದು ಭಾರತದ ಚಿಪ್ಪುಹಂದಿ. ಅದರ ವಿಜ್ಞಾನದ ಹೆಸರು ಮ್ಯಾನಿಸ್ ಕ್ರಾಸಿಕೌಡೇಟ. ದಪ್ಪ ಬಾಲದ್ದು ಅಂತ ಅರ್ಥ.

ರಣಹದ್ದಿನ ಮನೆತನ ದೊಡ್ಡದು. ಗರುಡ, ಹದ್ದು, ಗಿಡುಗ ಎಲ್ಲ ಅದೇ ಮನೆತನ. ನಮ್ಮ ದೇಶದಲ್ಲಿ ಒಂಬತ್ತು ಬಗೆಯ ರಣಹದ್ದುಗಳಿವೆ. ಅದರಲ್ಲಿ ಎರಡನ್ನು ನೆನಪಿಡಿ. ಒಂದು ಉದ್ದ ಕೊಕ್ಕಿನ ರಣಹದ್ದು. ಇದರ ವಿಜ್ಞಾನದ ಹೆಸರು ಜಿಪ್ಸ್ ಇಂಡಿಕಸ್. ಇನ್ನೊಂದು ಬಿಳಿ ಬೆನ್ನಿನ ರಣಹದ್ದು.

ವಿಳಾಸದ ಕೊನೆಯಲ್ಲಿ ಬರುವ ಈ ಒಂದೊಂದು ಬಗೆಗೆ ಪ್ರಭೇದ ಅಂತಾರೆ. ಕೆಲವು ಪುಸ್ತಕಗಳಲ್ಲಿ ಜಾತಿ ಅಂತಲೂ ಬರೀತಾರೆ. ನಮಗೆ ಆ ಪದ ಬೇಡ. ಆ ಪದಕ್ಕೆ ನಮ್ಮೂರುಗಳಲ್ಲಿ ಈಗಾಗಲೇ ಬೇರೆ ಕೆಲಸ ಸಾಕಷ್ಟಿದೆ.

ಚಿಪ್ಪುಹಂದಿಯ ಬಾಳು

ಚಿಪ್ಪುಹಂದಿ ರಾತ್ರಿ ಹೊತ್ತು ಓಡಾಡುತ್ತೆ. ಹಗಲು ಬಿಲದಲ್ಲಿ ಮಲಗುತ್ತೆ. ಹಾಗಾಗಿ ಕಾಡಂಚಿನ ಊರಲ್ಲೂ ಅದನ್ನು ಕಂಡವರು ಕಡಿಮೆ. ಮುಂಗಾಲಿನ ಉಗುರು ಗುದ್ದಲಿಯ ಹಾಗೆ. ಅದರಿಂದ ಹುತ್ತ ಕೆದಕುತ್ತೆ. ಉದ್ದನೆಯ ಅಂಟು ನಾಲಿಗೆ ಒಳಗೆ ಹಾಕಿ ಗೆದ್ದಲು, ಇರುವೆಗಳನ್ನು ಎಳೆದುಕೊಳ್ಳುತ್ತೆ. ಹಲ್ಲಿಲ್ಲವಲ್ಲ, ಅಗಿಯೋದು ಹೇಗೆ? ಸಣ್ಣ ಸಣ್ಣ ಕಲ್ಲು ನುಂಗಿಕೊಂಡಿರುತ್ತೆ. ಆ ಕಲ್ಲುಗಳು ಹೊಟ್ಟೆಯಲ್ಲಿ ಬೀಸುವ ಕಲ್ಲಿನ ಕೆಲಸ ಮಾಡ್ತವೆ. ನಮ್ಮ ಕೋಳಿಗಳೂ ಹೀಗೇ ಕಲ್ಲು ನುಂಗೋದನ್ನು ನೀವು ನೋಡಿದ್ದೀರಿ.

ಗೆದ್ದಲು ಮನೆಯ ತೊಲೆ ತಿನ್ನುತ್ತೆ. ಹೊಲದ ಬೆಳೆ ತಿನ್ನುತ್ತೆ. ಆ ಗೆದ್ದಲನ್ನು ತಿನ್ನೋದು ಚಿಪ್ಪುಹಂದಿ. ಬೆಳೆಯನ್ನು ಅದು ಮುಟ್ಟೋದೇ ಇಲ್ಲ.

ಇದು ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತೆ. ಹುಟ್ಟಿದಾಗ ಮರಿಯ ಚಿಪ್ಪು ಮೆತ್ತಗಿರುತ್ತೆ. ಮರಿ ಸ್ವಲ್ಪ ದೊಡ್ಡದಾದ ಮೇಲೆ ತಾಯಿಯ ಬಾಲದ ಬುಡ ಹಿಡಿದುಕೊಂಡು ಸವಾರಿ ಮಾಡುತ್ತೆ. ಅಪಾಯ ಬಂದರೆ ತಾಯಿ ಮರಿಯನ್ನು ಹೊಟ್ಟೆಯೊಳಗೆ ಸೇರಿಸಿಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತೆ.

ಚೆಂಡಾದ ಚಿಪ್ಪುಹಂದಿಯನ್ನು ಹುಲಿ, ಚಿರತೆ ಕೂಡ ಬಿಡಿಸೋದು ಕಷ್ಟ. ಹಲ್ಲು ಜಾರುತ್ತೆ. ಆದರೆ ಮನುಷ್ಯ ಬಿಡಿಸಬೇಕಾಗೇ ಇಲ್ಲ. ಸುಮ್ಮನೆ ಎತ್ತಿ ಚೀಲಕ್ಕೆ ಹಾಕ್ಕೊಂಡು ಹೋಗ್ತಾನೆ. ಸಾವಿರಾರು ವರ್ಷ ಕಾಪಾಡಿದ ಉಪಾಯವೇ ಈಗ ಅದಕ್ಕೆ ಕುತ್ತಾಗಿದೆ.

ಯಾಕೆ ಹಿಡೀತಾರೆ? ಮಾಂಸಕ್ಕೆ, ಅದಕ್ಕಿಂತ ಹೆಚ್ಚಾಗಿ ಚಿಪ್ಪಿಗೆ. ಚೀನಾ, ವಿಯೆಟ್ನಾಂ ದೇಶಗಳಲ್ಲಿ ಈ ಚಿಪ್ಪು ಔಷಧಿ ಅಂತ ನಂಬಿದ್ದರು. ಬಾಣಂತಿಗೆ ಹಾಲು ಬರಿಸುತ್ತೆ ಅಂತಲೂ ನಂಬಿಕೆ. ಇಲ್ಲಿ ಕಾಡಿನಿಂದ ಹಿಡಿದದ್ದು ಕೈಯಿಂದ ಕೈಗೆ ದಾಟಿ ಗಡಿ ದಾಟುತ್ತೆ. ಜಗತ್ತಿನಲ್ಲಿ ಕಳ್ಳಸಾಗಣೆಗೆ ಅತಿ ಹೆಚ್ಚು ಬಲಿಯಾಗುವ ಸಸ್ತನಿಗಳಲ್ಲಿ ಚಿಪ್ಪುಹಂದಿಗಳೂ ಸೇರಿವೆ.

ಈಗ ನಿಮ್ಮ ಕೈ ನೋಡಿಕೊಳ್ಳಿ. ಬೆರಳ ತುದಿಯ ಉಗುರು ಇದೆಯಲ್ಲ, ಅದು ಯಾವ ವಸ್ತುವಿನಿಂದ ಆಗಿದೆಯೋ ಚಿಪ್ಪುಹಂದಿಯ ಚಿಪ್ಪೂ ಅದರಿಂದಲೇ ಆಗಿದೆ. ನಮ್ಮ ತಲೆಗೂದಲೂ ಅದೇ. ಅದಕ್ಕೆ ಕೆರಾಟಿನ್ ಅಂತಾರೆ. ಉಗುರು ತೇಯ್ದು ಕುಡಿದರೆ ಬಾಣಂತಿಗೆ ಹಾಲು ಬರುತ್ತಾ? ನೀವೇ ಹೇಳಿ. ಚೀನಾ ದೇಶವೂ 2020ರಲ್ಲಿ ತನ್ನ ಸರ್ಕಾರಿ ಔಷಧಿಗಳ ಪಟ್ಟಿಯಿಂದ ಈ ಚಿಪ್ಪನ್ನು ತೆಗೆದುಹಾಕಿತು.

ರಣಹದ್ದು ಎಲ್ಲಿ ಹೋಯ್ತು?

ವಯಸ್ಸಾದವರನ್ನು ಕೇಳಿ. "ನಮ್ಮ ಕಾಲದಲ್ಲಿ ದನ ಸತ್ತರೆ ಊರಾಚೆ ಹಾಕ್ತಿದ್ವಿ. ಅರ್ಧ ಗಂಟೆಯಲ್ಲಿ ಹದ್ದುಗಳು ಇಳೀತಿದ್ದವು. ಮೂಳೆ ಮಾತ್ರ ಉಳೀತಿತ್ತು" ಅಂತಾರೆ. ಅದು ಉತ್ಪ್ರೇಕ್ಷೆ ಅಲ್ಲ. ರಣಹದ್ದಿನ ಕಣ್ಣು ಬಹಳ ಚುರುಕು. ಬಹಳ ಎತ್ತರದಿಂದ ಹೆಣ ನೋಡುತ್ತೆ. ಒಂದು ಇಳಿದದ್ದನ್ನು ನೋಡಿ ಇನ್ನೊಂದು ಇಳಿಯುತ್ತೆ. ತಲೆ, ಕತ್ತಿನ ಮೇಲೆ ಗರಿ ಕಡಿಮೆ. ಹಾಗಾಗಿ ಹೆಣದೊಳಗೆ ತಲೆ ಹಾಕಿದರೂ ಹೊಲಸು ಮೆತ್ತಿಕೊಳ್ಳೋದು ಕಡಿಮೆ. ಅದರ ಹೊಟ್ಟೆಯ ಹುಳಿರಸ ಬಹಳ ತೀಕ್ಷ್ಣ. ಕೊಳೆತ ಮಾಂಸದ ರೋಗಾಣುಗಳು ಅದರಲ್ಲಿ ಸಾಯ್ತವೆ.

ದುಡ್ಡಿಗೆ ಹಸಿದು ಕೂತವನನ್ನು ನಾವು "ರಣಹದ್ದಿನ ಥರ ಕಾಯ್ತಾನೆ" ಅಂತ ಬೈತೀವಿ. ಪಾಪ, ರಣಹದ್ದು ಸಾಮಾನ್ಯವಾಗಿ ಯಾರನ್ನೂ ಕೊಂದು ತಿನ್ನೋದಿಲ್ಲ. ಸತ್ತದ್ದನ್ನು ತಿಂದು ನೆಲ ಚೊಕ್ಕ ಮಾಡುತ್ತೆ. ರಾಮಾಯಣದ ಜಟಾಯುವನ್ನು ಮರೀಬೇಡಿ. ಸೀತಮ್ಮನನ್ನು ಬಿಡಿಸಲು ರಾವಣನ ಜೊತೆ ಕಾದಾಡಿ ರೆಕ್ಕೆ ಕಳಕೊಂಡದ್ದು ಅವನೇ.

1990ರ ನಂತರ ರಣಹದ್ದುಗಳು ಸಾಯತೊಡಗಿದವು. ಯಾರೂ ಬೇಟೆ ಆಡಲಿಲ್ಲ. ಯಾರೂ ಚೀಲಕ್ಕೆ ಹಾಕ್ಕೊಂಡು ಹೋಗಲಿಲ್ಲ. ಕತ್ತು ಜೋತುಬಿದ್ದು ಮರದ ಮೇಲೆ ಕೂರುತ್ತಿದ್ದವು, ಆಮೇಲೆ ಉರುಳಿ ಬೀಳುತ್ತಿದ್ದವು. ದೇಶದಲ್ಲಿ ಎಣಿಕೆ ಮಾಡಿದಾಗ ಗೊತ್ತಾದದ್ದು ಇದು: 1992ರಲ್ಲಿ ಬಿಳಿ ಬೆನ್ನಿನ ರಣಹದ್ದು ಸಾವಿರ ಇದ್ದ ಕಡೆ 2007ರ ಹೊತ್ತಿಗೆ ಉಳಿದದ್ದು ಒಂದು. ಸಾವಿರಕ್ಕೆ ಒಂದು! ಉದ್ದ ಕೊಕ್ಕಿನದು ನೂರಿದ್ದ ಕಡೆ ಮೂರು.

ರೋಗ ಬಂದಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿದ ವಿಜ್ಞಾನಿಗಳು ನಿಜವಾದ ಕಾರಣ ಕಂಡುಹಿಡಿದು 2004ರಲ್ಲಿ ಪ್ರಕಟಿಸಿದರು. ಹದ್ದುಗಳ ಮೂತ್ರಪಿಂಡ ಕೆಟ್ಟುಹೋಗಿತ್ತು. ಒಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪುಡಿ. ಅದಕ್ಕೆ ಕಾರಣ ಡೈಕ್ಲೊಫೆನಾಕ್ ಎಂಬ ನೋವಿನ ಮದ್ದು.

ಈ ಮದ್ದು ಹದ್ದಿನ ಹೊಟ್ಟೆಗೆ ಹೋದದ್ದು ಹೇಗೆ? ದನಕ್ಕೆ ಕಾಲು ಊದಿತು, ಕೆಚ್ಚಲು ಬಾವು ಬಂತು, ಜ್ವರ ಬಂತು ಅಂತ ಇಂಜೆಕ್ಷನ್ ಕೊಡಿಸ್ತೀವಿ. ದನಕ್ಕೆ ಅದು ನೋವು ಕಡಿಮೆ ಮಾಡುತ್ತೆ. ಆದರೆ ಇಂಜೆಕ್ಷನ್ ಕೊಟ್ಟ ಎರಡು ಮೂರು ದಿನದೊಳಗೆ ಆ ದನ ಸತ್ತರೆ ಮದ್ದು ಮಾಂಸದಲ್ಲಿ ಉಳಿದಿರುತ್ತೆ. ಆ ಮಾಂಸ ತಿಂದ ಹದ್ದು ಕೆಲವೇ ದಿನದಲ್ಲಿ ಸಾಯುತ್ತೆ. ಒಂದು ಹೆಣಕ್ಕೆ ಹತ್ತಾರು ಹದ್ದು ಇಳೀತವೆ ಅನ್ನೋದನ್ನು ನೆನಪಿಡಿ. ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನೂರು ಹೆಣಗಳಲ್ಲಿ ಒಂದರಲ್ಲಿ ಈ ಮದ್ದು ಇದ್ದರೂ ಸಾಕು, ಹದ್ದಿನ ಸಂತತಿ ನಾಶವಾಗಲು.

ಒಬ್ಬ ಅಜ್ಜಿ ಕೇಳಿದರು: "ದನ ನರಳೋದನ್ನು ನೋಡ್ಕೊಂಡು ಸುಮ್ನಿರೋಕಾಗುತ್ತಾ?" ಇಲ್ಲ ಅಜ್ಜಿ. ಸುಮ್ಮನಿರಬೇಕಾಗಿಲ್ಲ. ಮೆಲಾಕ್ಸಿಕಾಮ್ ಎಂಬ ಬೇರೆ ಮದ್ದು ಇದೆ. ದನದ ನೋವಿಗೂ ಆಗುತ್ತೆ, ಹದ್ದಿಗೂ ಕೇಡಿಲ್ಲ.

ಹದ್ದು ಹೋದರೆ ನಮಗೇನು ನಷ್ಟ ಅಂತ ಕೇಳುವವರಿದ್ದಾರೆ. ಹೆಣ ಕೊಳೆಯಿತು. ನೀರು ಕೆಟ್ಟಿತು. ಬೀದಿನಾಯಿಗಳಿಗೆ ಊಟ ಸಿಕ್ಕಿ ಅವು ಹೆಚ್ಚಾದವು. ಹುಚ್ಚುನಾಯಿ ಕಡಿತದ ಭಯ ಹೆಚ್ಚಿತು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನ ಪ್ರಕಾರ, ಹದ್ದುಗಳು ಇಲ್ಲವಾದ್ದರಿಂದ 2000ದಿಂದ 2005ರ ನಡುವೆ ನಮ್ಮ ದೇಶದಲ್ಲಿ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತಿದ್ದಾರೆ.

ಕಲ್ಯಾಣಿಯ ಮೆಟ್ಟಿಲು

ಯಾವ ಪ್ರಾಣಿ ಎಷ್ಟು ಅಪಾಯದಲ್ಲಿದೆ ಅಂತ ಬರೆದಿಡುವ ಒಂದು ಜಾಗತಿಕ ಸಂಸ್ಥೆ ಇದೆ. 1948ರಲ್ಲಿ ಶುರುವಾದದ್ದು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಅಂತ ಅದರ ಹೆಸರು. ಅದು ತಯಾರಿಸುವ ಪಟ್ಟಿಗೆ ಕೆಂಪು ಪಟ್ಟಿ ಅಂತಾರೆ.

ದೇವಸ್ಥಾನದ ಕಲ್ಯಾಣಿಯನ್ನು ನೆನೆಸಿಕೊಳ್ಳಿ. ಮೇಲಿನ ಮೆಟ್ಟಿಲಲ್ಲಿ ನಿಂತರೆ ಭಯವಿಲ್ಲ. ನಮ್ಮ ಮನೆಯ ಕಾಗೆ ಅಲ್ಲಿದೆ. ಕೆಳಗೆ ಇಳಿದಂತೆ ಅಪಾಯ ಹೆಚ್ಚು. ಎರಡನೇ ಮೆಟ್ಟಿಲು ಅಪಾಯಕ್ಕೆ ಹತ್ತಿರ. ಮೂರನೆಯದು ಅಪಾಯಕ್ಕೆ ಸಿಗಬಹುದಾದದ್ದು. ನಾಲ್ಕನೆಯದು ಅಪಾಯದಲ್ಲಿ. ಐದನೆಯದು ತೀರಾ ಅಪಾಯದಲ್ಲಿ. ಆರನೇ ಮೆಟ್ಟಿಲಿಗೆ ಇಳಿದರೆ ಕಾಡಿನಲ್ಲಿ ಒಂದೂ ಇಲ್ಲ, ಸಾಕಿದ ಕಡೆ ಮಾತ್ರ ಉಂಟು. ಅದರ ಕೆಳಗೆ ಮುಳುಗಡೆ. ಮುಳುಗಿದ ಪ್ರಾಣಿ ಮತ್ತೆ ಬರೋದಿಲ್ಲ.

ಭಾರತದ ಚಿಪ್ಪುಹಂದಿ ನಾಲ್ಕನೇ ಮೆಟ್ಟಿಲಲ್ಲಿದೆ. ಉದ್ದ ಕೊಕ್ಕಿನ, ಬಿಳಿ ಬೆನ್ನಿನ ರಣಹದ್ದುಗಳು ಐದನೇ ಮೆಟ್ಟಿಲಲ್ಲಿವೆ. ಆದರೆ ಎಲ್ಲ ರಣಹದ್ದೂ ಅಲ್ಲಿಲ್ಲ. ಮೈ ಬಿಳಿ, ಮುಖ ಹಳದಿ ಇರುವ ಇನ್ನೊಂದು ರಣಹದ್ದು ಇದೆ. ಅದು ಚಿಪ್ಪುಹಂದಿಯ ಮೆಟ್ಟಿಲಲ್ಲೇ ನಿಂತಿದೆ. ಮನೆತನ ಒಂದೇ ಆದರೂ ಮೆಟ್ಟಿಲು ಬೇರೆ. ಮನೆತನ ಬೇರೆ ಆದರೂ ಮೆಟ್ಟಿಲು ಒಂದೇ. ಅದಕ್ಕೇ ವಿಳಾಸವನ್ನೂ ಮೆಟ್ಟಿಲನ್ನೂ ಬೇರೆ ಬೇರೆ ಓದಬೇಕು.

ಮೆಟ್ಟಿಲು ಗೊತ್ತುಮಾಡುವಾಗ ಎಷ್ಟು ಉಳಿದಿವೆ ಅಂತ ಮಾತ್ರ ನೋಡೋದಿಲ್ಲ. ಎಷ್ಟು ಬೇಗ ಕಡಿಮೆಯಾಗ್ತಿವೆ ಅಂತಲೂ ನೋಡ್ತಾರೆ. ಮೂರು ತಲೆಮಾರಿನಲ್ಲಿ ನೂರರಲ್ಲಿ ಐವತ್ತು ಹೋದರೆ ನಾಲ್ಕನೇ ಮೆಟ್ಟಿಲು. ಎಂಬತ್ತು ಹೋದರೆ ಐದನೆಯದು. ಹದ್ದು ಕಣ್ಣಿಗೆ ಕಾಣುವ ಹಕ್ಕಿ, ಎಣಿಸಬಹುದು. ರಾತ್ರಿ ಓಡಾಡುವ, ಬಿಲದಲ್ಲಿ ಮಲಗುವ ಚಿಪ್ಪುಹಂದಿಯನ್ನು ಎಣಿಸೋದು ಬಹಳ ಕಷ್ಟ. ಕಳ್ಳರ ಹತ್ತಿರ ಸಿಕ್ಕಿದ ಚಿಪ್ಪಿನ ರಾಶಿಯೂ ಅದರ ಲೆಕ್ಕಕ್ಕೆ ಒಂದು ಆಧಾರ. ಎಂಥ ಲೆಕ್ಕ ನೋಡಿ!

ಒಂದು ವಿಷಯದಲ್ಲಿ ಮಾತ್ರ ಇವೆರಡೂ ಅಕ್ಕತಂಗಿಯರ ಹಾಗೆ. ಚಿಪ್ಪುಹಂದಿಗೆ ಸಲಕ್ಕೆ ಒಂದು ಮರಿ. ರಣಹದ್ದಿಗೆ ವರ್ಷಕ್ಕೆ ಒಂದೇ ಮೊಟ್ಟೆ. ಅದೂ ಹುಟ್ಟಿ ನಾಲ್ಕೈದು ವರ್ಷ ಆದ ಮೇಲೆ. ಇಲಿಯ ಹಾಗೆ, ಕೋಳಿಯ ಹಾಗೆ ಬೇಗ ಹೆಚ್ಚುವ ಸಂತಾನ ಅಲ್ಲ. ಇವತ್ತು ಒಂದು ತಾಯಿ ಹೋದರೆ ಆ ಜಾಗ ತುಂಬಲು ವರ್ಷಗಳೇ ಬೇಕು.

ಕಾನೂನು ಒಂದೇ, ಮದ್ದು ಬೇರೆ

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅದರ ಮೊದಲನೇ ಪಟ್ಟಿಯಲ್ಲಿ ಹುಲಿ, ಆನೆ ಜೊತೆಗೆ ಚಿಪ್ಪುಹಂದಿಯೂ ಇದೆ, ಈ ರಣಹದ್ದುಗಳೂ ಇವೆ. ಇವನ್ನು ಹಿಡಿದರೆ, ಕೊಂದರೆ, ಮಾರಿದರೆ ಮೂರು ವರ್ಷಕ್ಕೆ ಕಡಿಮೆ ಇಲ್ಲದ, ಏಳು ವರ್ಷದವರೆಗೆ ಜೈಲು. ಜೊತೆಗೆ 25,000 ರೂಪಾಯಿಗೆ ಕಡಿಮೆ ಇಲ್ಲದ ದಂಡ.

ಚಿಪ್ಪುಹಂದಿಗೆ ಈ ಕಾನೂನು ನೇರವಾಗಿ ಬೇಕು. ಅದರ ಸಾವಿನ ಹಿಂದೆ ಮಾರುವವನು ಇದ್ದಾನೆ, ಕೊಳ್ಳುವವನು ಇದ್ದಾನೆ. ದೇಶ ದೇಶಗಳ ನಡುವಿನ ವ್ಯಾಪಾರವನ್ನೂ ನಿಲ್ಲಿಸಲು 2016ರಲ್ಲಿ ಜಗತ್ತಿನ ದೇಶಗಳು ಸೇರಿ ಎಂಟೂ ಬಗೆಯ ಚಿಪ್ಪುಹಂದಿಗಳನ್ನು ಅತಿ ಬಿಗಿಯಾದ ಪಟ್ಟಿಗೆ ಸೇರಿಸಿದವು. ಆದರೂ ಊರೊಳಗೆ ಯಾರಾದರೂ ಬಂದು "ಚಿಪ್ಪುಹಂದಿ ಹಿಡಿದುಕೊಡಿ, ಲಕ್ಷ ಕೊಡ್ತೀವಿ" ಅಂದಾಗ ಮೊದಲು ಕಷ್ಟಕ್ಕೆ ಸಿಕ್ಕಿಕೊಳ್ಳೋದು ಊರಿನ ಬಡವ. ಲಕ್ಷ ಅಂದವನು ಕಾಣೆಯಾಗಿರ್ತಾನೆ. ಜೈಲಿಗೆ ಹೋಗೋದು ನಮ್ಮ ಗಂಡನೋ ಮಗನೋ. ಇಂಥ ಮಾತು ಮನೆಯಲ್ಲಿ ಬಂದರೆ ಅಲ್ಲೇ ತಡೆಯಿರಿ. ಚಿಪ್ಪುಹಂದಿ ಕಂಡರೆ ಮುಟ್ಟದೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ರಣಹದ್ದಿಗೆ ಇದೇ ಕಾನೂನು ಇದ್ದೂ ಸಾವು ನಿಲ್ಲಲಿಲ್ಲ. ಯಾಕೆಂದರೆ ಹದ್ದನ್ನು ಕೊಲ್ಲಬೇಕು ಅಂತ ಯಾರೂ ಕೊಂದಿರಲಿಲ್ಲ. ದನದ ಮೇಲಿನ ಮಮತೆಯಿಂದಲೇ ಈ ಸಾವು ಬಂತು. ಹಾಗಾಗಿ ಇಲ್ಲಿ ಬೇಡಿ ಹಾಕಬೇಕಾದ್ದು ಮದ್ದಿಗೆ. 2006ರಲ್ಲಿ ದನಕರುಗಳಿಗೆ ಡೈಕ್ಲೊಫೆನಾಕ್ ಕೊಡೋದನ್ನು ಸರ್ಕಾರ ನಿಷೇಧಿಸಿತು. ಆದರೆ ಮನುಷ್ಯರ ನೋವಿಗೆ ಆ ಮದ್ದು ಈಗಲೂ ಉಂಟು. ಮನುಷ್ಯರ ದೊಡ್ಡ ಸೀಸೆ ತಂದು ದನಕ್ಕೆ ಚುಚ್ಚುತ್ತಿದ್ದರು. ಅದಕ್ಕೇ 2015ರಲ್ಲಿ ಇಂಜೆಕ್ಷನ್ ಸೀಸೆ 3 ಮಿಲಿಲೀಟರ್‌ಗಿಂತ ದೊಡ್ಡದು ಇರಬಾರದು ಅಂತ ಮಾಡಿದರು. ಹದ್ದಿಗೆ ಕೇಡು ಮಾಡುವ ಬೇರೆ ಮದ್ದುಗಳೂ ಇವೆ. ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್ ಎಂಬುವನ್ನು 2023ರಲ್ಲಿ, ನಿಮೆಸುಲೈಡ್ ಎಂಬುದನ್ನು 2024ರ ಕೊನೆಯಲ್ಲಿ ಪ್ರಾಣಿಗಳಿಗೆ ಕೊಡದಂತೆ ನಿಷೇಧಿಸಿದರು.

ನಮ್ಮ ರಾಜ್ಯದಲ್ಲಿ ಉದ್ದ ಕೊಕ್ಕಿನ ರಣಹದ್ದಿಗೆ ಒಂದು ಧಾಮವೂ ಇದೆ. ರಾಮನಗರದ ರಾಮದೇವರ ಬೆಟ್ಟದಲ್ಲಿ, 2012ರಲ್ಲಿ ಘೋಷಿಸಿದ್ದು. 1975ರಲ್ಲಿ ಬಂದ ಶೋಲೆ ಸಿನಿಮಾದ ಬಂಡೆಗಳು ನೆನಪಿದ್ದರೆ, ಅದೇ ಬೆಟ್ಟಸಾಲು. ಅಲ್ಲಿ ಉಳಿದಿರೋದು ಬೆರಳೆಣಿಕೆಯ ಹದ್ದುಗಳು. ಆದರೆ ಹದ್ದು ಊಟ ಹುಡುಕಿ ಬಹಳ ದೂರ ಹಾರುತ್ತೆ. ಧಾಮದ ಗಡಿ ಅದಕ್ಕೆ ಗೊತ್ತಿಲ್ಲ. ಧಾಮದ ಆಚೆ ಯಾರದೋ ಕೊಟ್ಟಿಗೆಯಲ್ಲಿ ಕೊಟ್ಟ ಒಂದು ಇಂಜೆಕ್ಷನ್ ಸಾಕು.

ಮನೆಯಲ್ಲಿ ದನ ನೋಡಿಕೊಳ್ಳೋದು ಬಹುಪಾಲು ನಾವೇ. ಹುಲ್ಲು ಹಾಕೋರು, ಹಾಲು ಕರೆಯೋರು, ಡಾಕ್ಟರನ್ನು ಕರೆಸೋರು ನಾವೇ. ಡಾಕ್ಟರ್ ಬಂದಾಗ "ಸಾರ್, ಯಾವ ಮದ್ದು ಕೊಡ್ತಿದ್ದೀರಿ? ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಿ" ಅಂತ ಕೇಳಿ. ಕೇಳೋದು ತಪ್ಪಲ್ಲ. ಔಷಧಿ ಅಂಗಡಿಯಿಂದ ನೀವೇ ಮದ್ದು ತಂದು ದನಕ್ಕೆ ಚುಚ್ಚಿಸಬೇಡಿ.

ಓದಿ, ಬರೆಯಿರಿ

ಈ ಎರಡು ಪದಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟಿಗೆಯ ಬಾಗಿಲಿಗೆ ಅಂಟಿಸಿ.

ಡೈಕ್ಲೊಫೆನಾಕ್ – ಬೇಡ
ಮೆಲಾಕ್ಸಿಕಾಮ್ – ಆಗಬಹುದು

ಮಾತಾಡಿಕೊಳ್ಳಿ

ಬಾವಲಿ ಹಾರುತ್ತೆ. ಆದರೂ ಅದು ಪಕ್ಷಿಗಳ ತಾಲ್ಲೂಕಿಗೆ ಯಾಕೆ ಸೇರಲಿಲ್ಲ?

ನಿಮ್ಮೂರಲ್ಲಿ ರಣಹದ್ದನ್ನು ಕೊನೆಯ ಸಲ ಕಂಡವರು ಯಾರು? ಅವರನ್ನು ಕೇಳಿ ಯಾವ ವರ್ಷ ಅಂತ ಬರೆದುಕೊಳ್ಳಿ.

ಈಗ ನಿಮ್ಮೂರಲ್ಲಿ ದನ ಸತ್ತರೆ ಏನು ಮಾಡ್ತಾರೆ?